ಅವ್ವನ ಪಾದದ ಅಳತೆ

ವಾಡಿ ಸ್ಟೇಷನ್ನಿನಲ್ಲಿ ದಿನಾ ಬೆಳಿಗ್ಗೆ ನಮ್ಮ ಸಂಸಾರ ಎರಡು ದಿಕ್ಕಿಗೆ ಹೊರಡುತ್ತದೆ. ಹೆಂಡತಿ ಚಿತ್ತಾಪುರ ದಾಟಿ ಸೇಡಂಗೆ ಹೋಗುವ ಗಾಡಿ ಹತ್ತುತ್ತಾಳೆ. ಅಲ್ಲಿ ಆಕೆ ನರ್ಸು. ನಾನು ಶಹಾಬಾದದ ಒಂದು ಕಚೇರಿಯಲ್ಲಿ ಗುಮಾಸ್ತ, ನನ್ನ ಗಾಡಿ ಎದುರು ದಿಕ್ಕಿನದು. ನಡುವೆ ಉಳಿಯುವ ಎರಡೂವರೆ ವರ್ಷದ ಮಗಳನ್ನು ಸ್ಟೇಷನ್ ಹಿಂದಿನ ಓಣಿಯ ಡೇಕೇರಿನಲ್ಲಿ ಬಿಡುತ್ತೇವೆ. ನನಗೆ ನಲವತ್ತೇಳು. ಈ ವಯಸ್ಸಿಗೆ ಗೆಳೆಯರು ಮಗಳ ಮದುವೆಯ ಚಿಂತೆ ಮಾಡುತ್ತಾರೆ. ನಾನು ಮಗಳ ಉಚ್ಚೆಯ ಚಿಂತೆ ಮಾಡುತ್ತಿದ್ದೆ. ಚಿಂತೆಗೆ ವಿಷಯ ಮುಖ್ಯವಲ್ಲ, ರೂಢಿ ಮುಖ್ಯ.

ಏಪ್ರಿಲ್ ಕೊನೆಯಲ್ಲಿ ಡೇಕೇರ್ ನಡೆಸುವ ಮೇಡಂ ನನ್ನನ್ನು ಬಾಗಿಲಲ್ಲೇ ತಡೆದರು.

“ಸರ್, ಜೂನ್‌ದಾಗ ನಿಮ್ಮ ಮಗಳು ದೊಡ್ಡ ಮಕ್ಕಳ ಖೋಲಿಗಿ ಹೋಗಬೇಕು. ಅಲ್ಲಿ ಡೈಪರ್ ನಡ್ಯಂಗಿಲ್ರಿ. ಸಣ್ಣ ಖೋಲ್ಯಾಗ ಹೊಸ ಕೂಸುಗಳು ಬರಾಕತ್ತಾವ.”

“ಅಷ್ಟರಾಗ ಆಕಿ ಕಲೀಲಿಲ್ಲಂದ್ರ?”

“ಸೀಟ್ ಬ್ಯಾರೆಯವರಿಗಿ ಕೊಡಬೇಕಾಗ್ತದರಿ. ಬೇಜಾರ್ ಮಾಡ್ಕೋಬ್ಯಾಡ್ರಿ.”

ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಒಂದು ಹಾಳೆ. ಒಂದು ದಿನ ಚಡ್ಡಿ ಒದ್ದೆಯಾಗದಿದ್ದರೆ ಆ ಮಗುವಿನ ಸಾಲಿಗೆ ಒಂದು ಚಿಕ್ಕಿ, ಬಣ್ಣದ ಕಾಗದದ ನಕ್ಷತ್ರ. ಬೇರೆ ಮಕ್ಕಳ ಸಾಲು ಬೇಸಿಗೆಯ ಆಕಾಶದಂತೆ ತುಂಬಿತ್ತು. ನನ್ನ ಮಗಳದು ಅಮಾವಾಸ್ಯೆಯೂ ಅಲ್ಲ, ಮೋಡ.

ನಮಗೆ ಕೈಗೆಟುಕುವ ಇನ್ನೊಂದು ಡೇಕೇರ್ ಇರಲಿಲ್ಲ. ಸೀಟು ಹೋದರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಆ ಸಂಜೆ ಹೆಂಡತಿ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಗಿತ್ತು.

ನಾನು ಕಲಬುರಗಿಯಿಂದ ಮಕ್ಕಳನ್ನು ಕಕ್ಕಸಿಗೆ ಕೂರಿಸುವ, ಬಾತುಕೋಳಿಯಾಕಾರದ ಪ್ಲಾಸ್ಟಿಕ್ ಪಾಟಿ ತಂದೆ. ಮಗಳು ಅದರೊಳಗೆ ಗೊಂಬೆಯನ್ನು ಮಲಗಿಸಿ ಹೊದಿಸಿದಳು. ಹೀಗಲ್ಲ, ಹೀಗೆ ಎಂದು ತೋರಿಸಲು ನಾನೇ ಅದರ ಮೇಲೆ ಕುಳಿತೆ. ಬಾತುಕೋಳಿ ನಡುವಿಗೆ ಸೀಳಿತು. ಮಗಳು ಗೊಂಬೆಯ ಮನೆ ಹಾಳಾಯಿತೆಂದು ಅತ್ತಳು, ಹೆಂಡತಿ ಒಳಗೆ ಹೋಗಿ ನಕ್ಕಳು.

ಕೊನೆಗೆ ಚಿಮ್ಮನಚೋಡದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಮರುದಿನವೇ ಬಸ್ಸು ಹತ್ತಿ ಬಂದಳು. ಸೀಳಿದ ಬಾತುಕೋಳಿಯನ್ನು ಎತ್ತಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು.

“ಇದರ ಮ್ಯಾಲ ಕುಂತು ಹೇಲಬೇಕೇನು ಕೂಸು? ನೀ ಏನ್ ವಿಮಾನದಾಗ ಕುಂತು ಹೇತಿದ್ದೇನೋ ತಮ್ಮಾ?”

ಹಿತ್ತಲಲ್ಲಿ ಬೇವಿನ ನೆರಳು ಬೀಳುವ ಕಡೆ ಶಹಾಬಾದದ ಫರಸಿ ಕಲ್ಲು ಹಾಸಿದ್ದೇವೆ. ಅವ್ವ ಅಲ್ಲಿ ಮಣೆ ಹಾಕಿಕೊಂಡು ಕುಳಿತು ಎರಡೂ ಕಾಲು ಚಾಚಿದಳು. ಪಾದಗಳ ನಡುವೆ ಒಂದು ಗೇಣು ಬಿಟ್ಟು, ಆ ಪಾದಗಳ ಮೇಲೆ ಮೊಮ್ಮಗಳನ್ನು ಕೂರಿಸಿ, ಮೊಣಕಾಲುಗಳಿಗೆ ಅವಳ ಬೆನ್ನು ಆನಿಸಿಕೊಂಡಳು. ಆಮೇಲೆ ಬಾಯಿಂದ “ಸ್ಸ್ಸ್” ಎಂದು ಸಣ್ಣಗೆ ಶುರು ಮಾಡಿದಳು. ಗೋಡೆಯಾಚೆ ಗೂಡ್ಸ್ ಗಾಡಿಯೊಂದು ನಿಧಾನವಾಗಿ ಬಂದು ನಿಲ್ಲುತ್ತಿತ್ತು. ಅದೂ ಉಸಿರು ಬಿಟ್ಟಿತು. ಎರಡೂ ಸದ್ದುಗಳು, ಯಾವುದು ಅವ್ವನದು, ಯಾವುದು ಗಾಡಿಯದು ಎಂದು ತಿಳಿಯದ ಹಾಗೆ ಒಂದಾದವು. ಸಿಮೆಂಟಿನ ಧೂಳಿಗೆ ಬೆಳ್ಳಗಾದ ಬೇವಿನೆಲೆಗಳು ಅಲುಗಾಡಲಿಲ್ಲ. ಮಗಳ ಕಣ್ಣು ಅರ್ಧ ಮುಚ್ಚಿತು. ಫರಸಿಯ ಮೇಲೆ ಒಂದು ಸಣ್ಣ ಹಳ್ಳ ಹರಿದು ಬೇವಿನ ಬುಡ ಸೇರಿತು.

ನಾನೂ ಆ ಪಾದಗಳ ಮೇಲೆ ಕುಳಿತವನೇ. ನೆನಪಿರಲು ಸಾಧ್ಯವಿಲ್ಲ, ಆದರೂ ತೊಡೆಯ ಹಿಂಭಾಗಕ್ಕೆ ಆ ಬಿಸುಪು ಗೊತ್ತಿತ್ತು.

ಹತ್ತು ದಿನ ಡೇಕೇರಿಗೆ ರಜೆ ಹಾಕಿಸಿ ಮಗಳನ್ನು ಅವ್ವನ ಬಳಿ ಬಿಟ್ಟೆವು. ಹನ್ನೊಂದನೆಯ ದಿನ ಡೈಪರ್ ಇಲ್ಲದೆ ಕಳಿಸಿದೆವು. ಸಂಜೆ ಮೇಡಂ ಒದ್ದೆ ಚಡ್ಡಿಗಳ ಚೀಲವನ್ನು ನನ್ನ ಕೈಗೆ ಕೊಟ್ಟರು.

“ಆಯಿ ಕಾಲು, ಆಯಿ ಕಾಲು ಅಂತಾಳ ಸರ್. ಬಚ್ಚಲದಾಗ ಕುಂದ್ರಂಗೇ ಇಲ್ಲ.”

ಆಯಿ ಎಂದರೆ ಅಜ್ಜಿ. ನಾನು ಅಳುಕುತ್ತ ವಿಷಯ ಹೇಳಿದೆ. ಮೇಡಂ ತಮ್ಮ ಪಾದಗಳನ್ನು ನೋಡಿಕೊಂಡರು.

“ಇಲ್ಲಿ ಹದಿನೆಂಟು ಮಕ್ಕಳು ಅದಾವ. ನನಗ ಇರೋವು ಎರಡೇ ಕಾಲು.”

ಅತ್ತ ಅವ್ವ ಗಂಟು ಕಟ್ಟುತ್ತಿದ್ದಳು. ಉಪ್ಪಿನಕಾಯಿಗೆಂದು ಇಳಿಸಿಟ್ಟ ಮಾವಿನಕಾಯಿ ಹಣ್ಣಾಗುತ್ತಿವೆ ಎಂದು ಊರಿನಿಂದ ಫೋನ್ ಬಂದಿತ್ತು. ಮೊಮ್ಮಗಳಿಗಿಂತ ಮಾವಿನಕಾಯಿ ಬೇಗ ಕೆಡುತ್ತದೆ ಎಂಬುದು ಅವಳ ಲೆಕ್ಕ. ನನ್ನ ಪಾದ ಚಾಚಿ ನೋಡಿದೆ. ಮಗಳು ಕುಳಿತು, ಜಾರಿ, “ಇದು ಅಲ್ಲ” ಎಂದು ಎದ್ದು ಹೋದಳು. ಆಗ ನನಗೆ ಹೊಳೆದದ್ದು ಇದು: ಹಳೆಯ ಪೇಪರ್ ನೆಲಕ್ಕೆ ಹಾಸಿ, ಅವ್ವನನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದಗಳ ಸುತ್ತ ಗೆರೆ ಎಳೆದೆ.

“ಏನ್ ಮಾಡಾಕತ್ತಿ ತಮ್ಮಾ? ಚಪ್ಪಲ್ ತರ್ತಿಯೇನು?”

“ಹೂಂ” ಎಂದೆ. ನಿಜ ಹೇಳಲು ನಾಚಿಕೆಯಾಯಿತು.

ಶಹಾಬಾದದಲ್ಲಿ ನಮ್ಮ ಕಚೇರಿಯ ಹಿಂದೆ ಒಂದು ಕಲ್ಲು ಪಾಲಿಶ್ ಮಾಡುವ ಶೆಡ್ ಇದೆ. ಅಲ್ಲಿನ ಹಿರಿಯ ಕೆಲಸಗಾರನನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಆತ ಪೇಪರನ್ನು ಬೆಳಕಿಗೆ ಹಿಡಿದ.

“ಯಾ ಮಠದ ಅಪ್ಪೋರ ಪಾದ ಇವು ರೀ?”

“ನಮ್ಮವ್ವನವು, ಚಾಚಾ. ಫರಸಿ ಕಲ್ಲಿನ್ಯಾಗ ಇದೇ ಅಳತಿಗಿ ಎರಡು ಬೇಕು.”

ಆತ ಮಷಿನ್ ಬಂದ್ ಮಾಡಿದ. “ಯಾವಾಗ ತೀರ್ಕೊಂಡ್ರು?”

“ಇಲ್ಲ ಇಲ್ಲ. ಚೊಲೊ ಅದಾಳ. ಉಪ್ಪಿನಕಾಯಿ ಹಾಕಾಕತ್ತಾಳ.”

“ಇದ್ದ ಅವ್ವಗ ಪಾದ ಮಾಡಸ್ತೀರಂದ್ರ, ಅಂಥಾ ಮಗ ಸಿಗಲಾಕ ನಸೀಬ್ ಬೇಕ್ ಬಿಡ್ರಿ.”

ಇವು ಮಗಳು ಉಚ್ಚೆಗೆ ಕೂರಲು ಎಂದು ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಒಳ್ಳೆಯ ಮಗನೆಂದು ನನ್ನನ್ನು ಯಾರೂ ಅಷ್ಟು ನಂಬಿಕೆಯಿಂದ ಕರೆದಿರಲಿಲ್ಲ. ಮುಂಗಡ ಕೊಟ್ಟು ಬಂದೆ.

ನಾಲ್ಕು ದಿನದ ಮೇಲೆ ಹೋದರೆ ಚಾಚಾ ಕೈ ತೊಳೆದುಕೊಂಡು ಬಂದು ಬಿಳಿ ಬಟ್ಟೆ ಬಿಚ್ಚಿದ. ನೀಲಿ ಬೂದು ಬಣ್ಣದ ಎರಡು ಪಾದಗಳು, ಅಂಚು ನುಣುಪು. ನಾನು ಕೇಳದಿದ್ದರೂ ಹತ್ತು ಬೆರಳು ಕೊರೆದಿದ್ದ. ಹಿಮ್ಮಡಿಯ ಹತ್ತಿರ ಒಂದೊಂದು ಕಮಲ.

ಮೇ ಕೊನೆಯ ಶನಿವಾರ ಅವನ್ನು ಚೀಲದಲ್ಲಿ ಹೊತ್ತು ಮಗಳ ಕೈ ಹಿಡಿದು ಡೇಕೇರಿಗೆ ಹೋದೆ. ಸೋಮವಾರದಿಂದ ದೊಡ್ಡ ಖೋಲಿ. ಇದೇ ಕೊನೆಯ ಅವಕಾಶ. ಪಡಸಾಲೆಯಲ್ಲಿ ಚೀಲ ಬಿಚ್ಚಿ ಎರಡೂ ಕಲ್ಲುಗಳನ್ನು ಕೆಳಗಿಟ್ಟು, ಮಗಳು ಕೂರಲು ಇವನ್ನು ಬಚ್ಚಲಲ್ಲಿಡಿ ಎಂದೆ. ಮೇಡಂ ತಟಕ್ಕನೆ ಚಪ್ಪಲಿ ಕಳಚಿದರು.

“ಇವನ್ನ ಬಚ್ಚಲದಾಗ ಇಡಬೇಕಾ? ದೇವರ ಪಾದ ಸರ್ ಇವು. ನನ್ನ ಕೈಲೆ ಆಗಂಗಿಲ್ಲ.”

“ದೇವರವಲ್ರಿ. ನಮ್ಮವ್ವನವು.”

“ಅವ್ವನ ಪಾದ ಅಂದ್ರ ಸಣ್ಣದೇನ್ರಿ?”

ಒಳಗೆ ಮಕ್ಕಳು ಚಾಪೆಯ ಮೇಲೆ ಉರುಳಾಡುತ್ತಿದ್ದರು. ಕಿಟಕಿಯ ಬಿಸಿಲು ಫರಸಿಯ ಮೇಲೆ ಜರುಗುತ್ತಿತ್ತು. ನಾನು ಮನಸ್ಸಿನಲ್ಲೇ ಹೆಂಡತಿಯ ರಾಜೀನಾಮೆ ಪತ್ರ ಬರೆದೆ, ಹರಿದೆ, ನನ್ನದು ಬರೆದೆ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಏನೋ ಸರಿದಾಡಿತು. ಮಗಳು ಚಡ್ಡಿ ತಾನೇ ಇಳಿಸಿ, ಕಲ್ಲಿನ ಬೆರಳುಗಳನ್ನು ಮುಟ್ಟಿ ನೋಡಿ, ಎರಡರ ಮೇಲೂ ಸಮನಾಗಿ ಕುಳಿತಳು.

“ಆಯಿ ಕಾಲು ತಣ್ಣಗ ಅದಾವ” ಎಂದಳು. ಸ್ವಲ್ಪ ಯೋಚಿಸಿದಳು. “ಆಯಿ ಕಾಲು ತೊಳ್ಕೊಂಡಾಳ.”

ಆಮೇಲೆ ತಾನೇ “ಸ್ಸ್ಸ್” ಎಂದಳು.

ನಾವಿಬ್ಬರು ದೊಡ್ಡವರು ಉಸಿರು ಹಿಡಿದು ನಿಂತೆವು. ಪಡಸಾಲೆಯ ಕಲ್ಲಿನ ಮೇಲೆ ನೀರು ಹರಿದು ಮೇಡಂ ಬಿಟ್ಟ ಚಪ್ಪಲಿಯನ್ನು ಸುತ್ತಿಕೊಂಡು ಬಾಗಿಲ ಕಡೆ ಹೋಯಿತು. ಮೇಡಂ ಚಪ್ಪಲಿ ನೋಡಿದರು, ಮಗುವನ್ನು ನೋಡಿದರು, ಒಳಗೆ ಹೋಗಿ ಬಕೆಟ್ ತಂದರು.

“ಬಚ್ಚಲದಾಗ ಬ್ಯಾಡ. ಹಿತ್ತಲ ಮೋರಿ ಕಡೆ ಇಡ್ರಿ” ಎಂದರು. ನೆಲ ತೊಳೆದ ಮೇಲೆ ಗೋಡೆಯ ಹಾಳೆಯಲ್ಲಿ ನಮ್ಮ ಸಾಲಿಗೆ ಮೊದಲ ಚಿಕ್ಕಿ ಅಂಟಿಸಿದರು. ಸೋಮವಾರ ನನ್ನ ಮಗಳು ದೊಡ್ಡ ಖೋಲಿಗೆ ಹೋದಳು. ಹೆಂಡತಿ ಸೇಡಂ ಗಾಡಿ ಹತ್ತಿದಳು.

ಜುಲೈ ಹೊತ್ತಿಗೆ ಮಗಳು ಆ ಕಲ್ಲುಗಳನ್ನು ದಾಟಿ ಎಲ್ಲರಂತೆ ಬಚ್ಚಲಿಗೆ ಹೋಗತೊಡಗಿದಳು, ಮೇಡಂ ಅವನ್ನು ಮರಳಿಸಿದರು. ಪೆನ್ಸಿಲ್ ಗೆರೆಯ ಪೇಪರನ್ನು ಅಂಗಡಿಗೆ ಒಯ್ದು ಅವ್ವನಿಗೆ ಚಪ್ಪಲಿಯನ್ನೂ ತಂದಿದ್ದೇನೆ, ಕೊಟ್ಟ ಮಾತು ಕೊಟ್ಟ ಮಾತೇ. ಈಗ ಉಳಿದಿರುವುದು ಒಂದೇ ಚಿಂತೆ. ನಾನು ಕಚೇರಿಗೆ ಹೋದಾಗ ಹೆಂಡತಿ ಆ ಕಲ್ಲುಗಳನ್ನು ಉಜ್ಜಿ ತೊಳೆದು, ಚೆಂದ ಕಾಣುತ್ತವೆ ಎಂದು ತುಳಸಿಯ ಮುಂದೆ ಇಟ್ಟಿದ್ದಾಳೆ. ಪಕ್ಕದ ಮನೆಯವರು ಆಗಲೇ ಎರಡು ದಾಸವಾಳ ಏರಿಸಿದ್ದಾರೆ. ನಾಗರ ಪಂಚಮಿಗೆ ಅವ್ವ ಬರುತ್ತಾಳೆ. ಬಂದವಳೇ ತುಳಸಿಯ ಮುಂದೆ ಬಗ್ಗಿ ನಮಸ್ಕಾರ ಮಾಡುವುದು ಅವಳ ಅಭ್ಯಾಸ.