ನೀರೆರೆವ ಕೈ, ಹುಳವೆರೆವ ಕೈ

ಚಳ್ಳಕೆರೆ ಸೀಮೆಯಲ್ಲಿ ಕಪ್ಪು ಹೊಲಕ್ಕೂ ಎರೆ ಅನ್ನುತ್ತಾರೆ, ಗಾಳಕ್ಕೆ ಸಿಕ್ಕಿಸುವ ಹುಳಕ್ಕೂ ಎರೆ ಅನ್ನುತ್ತಾರೆ, ತಲೆಗೆ ನೀರು ಹೊಯ್ದರೂ ಎರೆಯುವುದೇ. ಒಂದೇ ಮಾತು. ಈ ಒಂದು ಮಾತಿನೊಳಗೆ ಸಿಕ್ಕಿ ಬದುಕಿದವಳು ಗುಲ್ಷನ್ ಬೀ.

ಆಕೆಯ ಓಣಿಯಲ್ಲಿ ಯಾವ ಹೆಂಗಸು ಕಣ್ಣು ಮುಚ್ಚಿದರೂ ಮಣ್ಣಿಗೆ ಕಳಿಸುವ ಮುಂಚಿನ ಕೊನೆಯ ಸ್ನಾನ ಮಾಡಿಸುವುದು ಗುಲ್ಷನ್ ಬೀಯ ಪಾಲಿನ ಕೆಲಸ. ಅತ್ತೆಯಿಂದ ಬಂದದ್ದು. ಎಲಚಿ ಎಲೆ ಹಾಕಿ ಕಾಯಿಸಿದ ನೀರನ್ನು ಚಾದರದ ಮರೆಯಲ್ಲಿ, ಮೊದಲು ಬಲಗಡೆಗೆ, ಆಮೇಲೆ ಎಡಗಡೆಗೆ, ಎಳೆ ಕಡಿಯದ ಹಾಗೆ ಎರೆಯುತ್ತಿದ್ದಳು. ಅದಕ್ಕೆ ಒಂದು ಲೋಟ ಚಹಾ ಕೂಡ ಮುಟ್ಟುತ್ತಿರಲಿಲ್ಲ. "ಗುಲ್ಷನ್ ಬೀ ನೀರು ಹಾಕಿದ್ರೆ ನಿದ್ದೆ ಹೋದಂಗೆ ಕಾಣ್ತಾರೆ" ಅನ್ನುತ್ತಿದ್ದರು ಜನ. ಮದುವೆ ಮನೆಗೆ ಹೋದರೆ ಹುಡುಗಿಯರು ಎದ್ದು ಕುರ್ಚಿ ಬಿಡುತ್ತಿದ್ದರು. ಆ ಮರ್ಯಾದೆಯಲ್ಲಿ ಒಂದಿಷ್ಟು ಹೆದರಿಕೆಯೂ ಇತ್ತು ಅನ್ನಿ.

ಹೊಟ್ಟೆಪಾಡಿಗೆ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಿದ್ದಳು. ಮಿಲ್ಲಿನ ಬಾಗಿಲು ಮುಚ್ಚಿತು, ಅಷ್ಟರಲ್ಲಿ ಆಕೆಯ ಮಂಡಿಯೂ ಕೈಕೊಟ್ಟಿತು. ಮಗ ದಾದಾಪೀರ್ ಬೈಕ್ ಮೆಕ್ಯಾನಿಕ್. ವಾಣಿವಿಲಾಸ ಸಾಗರಕ್ಕೆ ಗಾಳ ಹಾಕಲು ಹೊರಟವರೊಬ್ಬರ ಬೈಕ್ ರಿಪೇರಿ ಮಾಡುವಾಗ ಅವರ ಚೀಲದಲ್ಲಿ ಬಣ್ಣಬಣ್ಣದ ಮೆತ್ತನೆ ಪ್ಲಾಸ್ಟಿಕ್ ಹುಳ ಕಂಡ. ಗಾಳ ಹಾಕುವವರಿಗೆ ಮಾರಲು ಅಂಥದ್ದೇ ಹುಳ ಹೊಯ್ಯುವ ಅಚ್ಚನ್ನು ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೊರೆದ. ಕೊರೆಯಲು ಬಂತು, ಹೊಯ್ಯಲು ತಾಳ್ಮೆ ಬರಲಿಲ್ಲ.

"ಅಮ್ಮಿ, ನಿಮ್ ಕೈ ಅಲ್ಲಾಡಲ್ಲ. ನೀವೇ ಹುಯ್ರಿ."

ಹುಳದ ಪ್ಲಾಸ್ಟಿಕ್ಕೆಂದರೆ ಹಾಲಿನಂಥ ಬಿಳಿ ದ್ರವ. ಒಲೆಯ ಮೇಲಿಟ್ಟರೆ ಮೊದಲು ಮೊಸರಿನ ಹಾಗೆ ಗಟ್ಟಿಯಾಗಿ, ಆಮೇಲೆ ಕರಗಿ ತಿಳಿಯಾಗುತ್ತದೆ. ಉರಿ ಒಂಚೂರು ಹೆಚ್ಚಾದರೆ ಸೀದು, ಗಂಟಲು ಕೆರೆಯುವ ಹೊಗೆ. ಅಚ್ಚಿನಲ್ಲಿ ಹುಳದ ಹೊಟ್ಟೆಗೆ ಹಸಿರು ಎರೆದು, ಅದು ಹೆಪ್ಪುಗಟ್ಟುವ ಮುಂಚೆ ಬೆನ್ನಿಗೆ ಕೆಂಪು ಎರೆಯಬೇಕು. ಅವಸರ ಮಾಡಿದರೆ ಎರಡೂ ಕಲೆತು ಕೆಸರು, ತಡ ಮಾಡಿದರೆ ಅಂಟದೆ ಸಿಪ್ಪೆಯಂತೆ ಬಿಡುತ್ತದೆ. ಗುಲ್ಷನ್ ಬೀಗೆ ಆ ಹದ ಬೇಗ ಕೈಗೆ ಹತ್ತಿತು. ಮಿಂಚಿನ ಪುಡಿ ಉದುರಿಸಿದ ಹುಳ ಅಚ್ಚಿನಿಂದ ಬಿಡಿಸಿಕೊಂಡು ಅಂಗೈ ಮೇಲೆ ಮಲಗಿದರೆ, ಬಾಲ ತಾನಾಗಿ ಅದುರುತ್ತಿತ್ತು.

ಮಿಲ್ಲಿನ ಗೆಳತಿ ಪಾಲಮ್ಮ ಉಳ್ಳಾರ್ತಿ ಕಡೆಯಿಂದ ಮೊಸರು ತಂದವಳು ನೋಡಿ ನಕ್ಕಳು. "ಅಲ್ಲ ಕಣೇ ಗುಲ್ಷನಮ್ಮ, ನಮಗೆ ಕುಡಿಯಾಕೆ ನೀರು ಟ್ಯಾಂಕರ್‌ನಾಗೆ ಬರ್ತೈತೆ, ನೀನು ಮೀನಿಗೆ ಊಟ ಮಾಡ್ತಾ ಕುಂತೀಯ!"

"ಊಟ ಅಲ್ಲ ಪಾಲಮ್ಮ, ಮೋಸ."

"ಹಂಗಾರೆ ನಮ್ಮೂರ ಎಲೆಕ್ಷನ್‌ಗೂ ಒಂದು ಡಜನ್ ಕೊಡು."

ಒಂದು ಮಧ್ಯಾಹ್ನ, ಗೆಳತಿ ಮುಸರತ್‌ಳ ಸೊಸೆ ಹೀನಾಳ ತಾಯಿ ತೀರಿಕೊಂಡಳು ಎಂದು ಕರೆ ಬಂತು. ಗುಲ್ಷನ್ ಬೀ ಒಲೆ ಆರಿಸಿ, ಕೈ ತೊಳೆದು ಓಡಿದಳು. ರವಿಕೆಯ ಮಡಿಸಿದ ತೋಳಿನೊಳಗೆ ಒಂದು ಹುಳ ಅಂಟಿಕೊಂಡಿದ್ದು ಆಕೆಗೆ ಗೊತ್ತಿರಲಿಲ್ಲ. ಬಗ್ಗಿ ನೀರೆರೆಯುವಾಗ ಅದು ಜಾರಿ, ಹಲಗೆಯ ಮೇಲೆ, ಹೆಣದ ಭುಜದ ಪಕ್ಕಕ್ಕೇ ಬಿತ್ತು. ಬಿದ್ದದ್ದು ಸುಮ್ಮನಿರಬಾರದೇ? ಬಾಲ ಅದುರಿಸಿತು.

ಚಾದರ ಹಿಡಿದಿದ್ದ ಹೀನಾ ಚೀರಿದಳು. "ಹುಳ! ಅಮ್ಮಿ ಮೇಲೆ ಹುಳ!"

"ಪ್ಲಾಸ್ಟಿಕ್ ಬೇಟಾ, ನೋಡು, ಪ್ಲಾಸ್ಟಿಕ್ಕು" ಎಂದು ಗುಲ್ಷನ್ ಬೀ ಅದನ್ನು ಹಿಡಿದು ತೋರಿಸಿದಳು. ಎಲ್ಲರೂ ನೋಡಿದರು, ಎಲ್ಲರೂ ತಲೆ ಆಡಿಸಿದರು. ಸಂಜೆಗೆ ಓಣಿಯಲ್ಲಿ ಮಾತು ಹುಟ್ಟಿತ್ತು. "ಇನ್ನೂ ಮಣ್ಣಿಗೇ ಹೋಗಿಲ್ಲ, ಆಗ್ಲೇ ಹುಳ ತಂದಳು."

ಅದಾದ ಮೇಲೆ ಮಸೀದಿಯ ಮೈಕಿನಲ್ಲಿ ಸಾವಿನ ಸುದ್ದಿ ಕೇಳಿದಾಗಲೆಲ್ಲ ಆಕೆ ಒಗೆದ ಬಟ್ಟೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಯಾರೂ ಕರೆಯಲು ಬರಲಿಲ್ಲ.

ಬರದಿದ್ದರೆ ಹೋಗಲಿ ಅನ್ನಬಹುದಿತ್ತು, ಮುಸರತ್ ಹಾಸಿಗೆ ಹಿಡಿಯದಿದ್ದರೆ. ಚಿಕ್ಕಂದಿನಿಂದ ಒಂದೇ ಓಣಿಯಲ್ಲಿ ಬೆಳೆದು, ಒಂದೇ ಬಚ್ಚಲಲ್ಲಿ ಮಿಂದವರು. ಮುಸರತ್ ಆಕೆಯ ಕೈ ಹಿಡಿದುಕೊಂಡು ಹೇಳಿದಳು:

"ನನಗೆ ನೀನೇ ನೀರು ಹಾಕ್ಬೇಕು ಗುಲ್ಷನ್. ಈ ಮೈ ನೋಡಿ ನಗೋ ಹಕ್ಕಿರೋದು ನಿನಗೊಬ್ಬಳಿಗೇ."

"ನಾನೇ ಮೊದ್ಲು ಹೋಗ್ತೀನಿ ಆಪಾ, ನೀವೇ ನನಗೆ ಹಾಕಿ."

"ಸುಳ್ಳಿ! ಮಾತು ಕೊಡು."

ಕೊಟ್ಟಳು. ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೀನಾ ಆಕೆಯ ಉಗುರಿನ ಬಣ್ಣವನ್ನೇ ನೋಡುತ್ತಿದ್ದಳು. ಆ ನೋಟ ಗುಲ್ಷನ್ ಬೀಗೆ ಅರ್ಥವಾಯಿತು. ಮನೆಗೆ ಬಂದವಳೇ ಮಗನಿಗೆ ಅಚ್ಚುಗಳನ್ನೆಲ್ಲ ತೆಗೆದುಕೊಂಡು ಹೋಗು ಅಂದಳು.

"ಮನೆ ಹೆಂಗಮ್ಮಿ?"

"ನಡೀತದೆ. ಮುಸರತ್ ಆಪಾಗೆ ಮಾತು ಕೊಟ್ಟಿದ್ದೀನಿ."

ಉಗುರಿನ ಸಂದಿಗೆ ಕೂತಿದ್ದ ಬಣ್ಣವನ್ನು ನಿಂಬೆಹೋಳು ಹಾಕಿ ಉಜ್ಜಿ ಉಜ್ಜಿ ತೆಗೆದಳು. ಹುಳದ ಕೆಲಸ ಬಿಟ್ಟೆ ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು.

ಮುಸರತ್ ಒಂದು ಬೆಳಗಿನ ಹೊತ್ತು ಹೋದಳು. ಗುಲ್ಷನ್ ಬೀ ಕರೆಗೆ ಕಾಯದೆ ಹೋದಳು. ಅಂಗಳದಲ್ಲಿ ನೀರು ಕಾಯುತ್ತಿತ್ತು. ಆಕೆ ತೋಳು ಮಡಿಸುವುದನ್ನು ಕಂಡು ಹೀನಾ ಬಂದು ಪಕ್ಕಕ್ಕೆ ಕರೆದಳು. ಅತ್ತು ಅತ್ತು ಮುಖ ಊದಿತ್ತು.

"ಖಾಲಾ, ಮೊಳಕಾಲ್ಮೂರಿನಿಂದ ನೀರು ಹಾಕೋರು ಒಬ್ರು ಬರ್ತಿದ್ದಾರೆ. ಗಾಡಿ ಹೋಗೈತೆ."

"ಆಪಾ ನನಗೆ ಹೇಳಿದ್ರು, ಹೀನಾ. ನಾನು ಆ ಕೆಲಸಾನೇ ಬಿಟ್ಟೆ."

"ಗೊತ್ತು ಖಾಲಾ. ಅತ್ತೆ ಹೇಳಿದ್ದೂ ಕೇಳಿಸ್ಕೊಂಡಿದ್ದೀನಿ. ಆದ್ರೆ ಚಾದರ ಹಿಡಿಯೋಳು ನಾನು. ನೀವು ಬಗ್ಗಿದ್ರೆ ನನ್ ಕಣ್ಣು ನಿಮ್ ತೋಳಿನ ಮೇಲೇ ಇರ್ತದೆ. ಅತ್ತೆ ಮುಖ ನೋಡಕ್ಕಾಗಲ್ಲ ನನಗೆ." ಹೀನಾ ಆಕೆಯ ಎರಡೂ ಕೈ ಹಿಡಿದುಕೊಂಡಳು. "ಬೈರಿ, ಹೊಡೀರಿ. ನನ್ನಿಂದಾಗಲ್ಲ."

ಬೈಯುವುದಕ್ಕೆ ಏನಾದರೂ ಇದ್ದಿದ್ದರೆ ಬೈಯುತ್ತಿದ್ದಳೇನೋ. "ಆಯ್ತು ಬೇಟಾ" ಅಂದು ಮಿಕ್ಕ ಹೆಂಗಸರ ನಡುವೆ ಹೋಗಿ ಕೂತಳು.

ಮೊಳಕಾಲ್ಮೂರಿನವಳು ಬಂದಳು. ಇನ್ನೂ ಚಿಕ್ಕ ವಯಸ್ಸು. ಚಾದರ ಕಟ್ಟಿದರು. ಅದರಾಚೆ ಚೊಂಬು ನೀರಿಗಿಳಿದ ಸದ್ದು. ಗುಲ್ಷನ್ ಬೀ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಹುಡುಗಿ ಅವಸರ ಮಾಡಲಿ, ಚೊಂಬು ಎತ್ತರದಿಂದ ದಬದಬ ಸುರಿಯಲಿ, ಒಂದು ತಪ್ಪಾಗಲಿ, ಎದ್ದು ಒಳಗೆ ಹೋಗುತ್ತೇನೆ ಎಂದು ಕಾದಳು. ನೀರು ಸಣ್ಣಗೆ, ಕಡಿಯದೆ, ಬಲಗಡೆಯಿಂದ ಎಡಗಡೆಗೆ ಸಾಗಿತು.

ಸುದ್ದಿ ತಿಳಿದು ಬಂದು ಪಕ್ಕದಲ್ಲಿ ಕೂತಿದ್ದ ಪಾಲಮ್ಮ ಮೆಲ್ಲಗೆ ಕೇಳಿದಳು. "ಹೆಂಗೈತೆ ಗುಲ್ಷನಮ್ಮ, ಆಕಿ ಕೈ?"

"ಚೆನ್ನಾಗೈತೆ" ಅಂದಳು ಗುಲ್ಷನ್ ಬೀ. "ಚೆನ್ನಾಗಿ ಎರೀತಾಳೆ."

ಅಷ್ಟು ಹೇಳಿದ ಮೇಲೆ ಆ ಮನೆಯಲ್ಲಿ ಆಕೆಗೆ ಮಾಡುವ ಕೆಲಸ ಯಾವುದೂ ಉಳಿಯಲಿಲ್ಲ, ಎಲ್ಲರಂತೆ ಅಳುವುದೊಂದನ್ನು ಬಿಟ್ಟು.