ತುಕ್ಕು ಹಿಡಿಯದ ಕಾರು

ಸಂಜೀವಣ್ಣಾ, ನಿಮ್ಮ ಕಾರಿನ ಅಡಿಯಲ್ಲಿ ತುಕ್ಕು ಇರಲಿಲ್ಲ. ಇದೆ ಎಂದು ದಣಿಗಳಿಗೆ ಹೇಳಿದವನು ನಾನು — ಗೊತ್ತಿದ್ದೇ ಹೇಳಿದ ಸುಳ್ಳು ಅದು.

ತೊಂಬತ್ತರ ದಶಕದ ದೋಹಾದಲ್ಲಿ ನಮ್ಮ ದಣಿಗಳಿಗೆ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿದಿತ್ತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಆ ಬಿಸಿಲಿನಲ್ಲಿ ಬೋಳುತಲೆ ಸುಟ್ಟುಕೊಳ್ಳಲು ಎಂಥ ಸಡಗರ! ಅವರ ಕಚೇರಿಯಲ್ಲಿ ಎಲ್ಲದಕ್ಕೂ ಹೌದು ಸರ್ ಎನ್ನುತ್ತಿದ್ದ ನಾನು ಅವರಿಗಿಂತಲೂ ಕಡೆ. ಅಂಥದ್ದೇ ಕಾರು ಅಲ್ ಮುಂತಜಾ ಬಡಾವಣೆಯಲ್ಲಿ ನೀವು ದುಡಿಯುತ್ತಿದ್ದ ಗ್ಯಾರೇಜಿನಲ್ಲಿತ್ತು. ಸ್ವದೇಶಕ್ಕೆ ಮರಳಿದ ಇಂಗ್ಲಿಷ್ ಇಂಜಿನಿಯರೊಬ್ಬ ನಿಮಗೆ ಬಿಟ್ಟುಹೋದದ್ದು. ರಜೆಯ ಎಷ್ಟೋ ಶುಕ್ರವಾರಗಳನ್ನು ಅದಕ್ಕೆ ಸುರಿದಿದ್ದಿರಿ. ಕಾರು ಒಪ್ಪಿಗೆಯಾದರೆ ನಿಮ್ಮನ್ನು ಕಂಪನಿಯ ವರ್ಕ್‌ಶಾಪಿಗೆ ಫೋರ್‌ಮನ್ ಮಾಡುತ್ತೇನೆ, ಫ್ಯಾಮಿಲಿ ವೀಸಾ ಕೊಡಿಸುತ್ತೇನೆ ಎಂದು ದಣಿಗಳು ಮಾತು ಕೊಟ್ಟಿದ್ದರು. ಮೂಲ್ಕಿಯಿಂದ ಹೆಂಡತಿ, ಮಗಳು ಬರುತ್ತಾರೆಂದು ನೀವು ಮುಐದರ್‌ನಲ್ಲಿ ಮನೆಯನ್ನೂ ನೋಡಿ ಬಂದಿದ್ದಿರಿ.

ಕಾರನ್ನು ಪರೀಕ್ಷಿಸಲು ಬಂದವನು ನಾನು. ಅಡಿಗೆ ನುಸುಳಿ ತಟ್ಟಿದೆ, ಹೆಬ್ಬೆರಳಿನಿಂದ ಒತ್ತಿದೆ — ಗಟ್ಟಿ ತಗಡು. ಸೀಟಿನ ಚರ್ಮ ಬಿಸಿಲಿಗೆ ಬಿರಿದಿತ್ತು, ಅಷ್ಟೇ. ಆದರೆ ಇಲ್ಲೇ ಕೊಂಡರೆ ನನಗೇನು? ಇಂಗ್ಲೆಂಡಿನಿಂದ ತರಿಸುವುದಾದರೆ ಆರಿಸಲು ಹೋಗುವವನು ನಾನು — ಕೋಟು ತೊಟ್ಟು ಲಂಡನ್ನಿನಲ್ಲೊಂದು ಫೋಟೋ, ಊರಿನವರಿಗೆ ತೋರಿಸಲು... ಥೂ, ಇಷ್ಟೇ ಕಾರಣ.

“ಅಡಿ ಪೂರಾ ತುಕ್ಕು ಸರ್. ಲೋಕಲ್ ಮಾಲು,” ಎಂದೆ.

“ಖಲಾಸ್! ಲೋಕಲ್ ಬೇಡವೇ ಬೇಡ ಮಾರಾಯ, ಅಲ್ಲಿಂದಲೇ ತರ್ಸುವ,” ಎಂದರು ದಣಿಗಳು.

ನಿಮ್ಮದೂ ಅಲ್ಲಿಯದೇ ಕಾರು, ಅದೇ ಮಾಡೆಲ್ಲು. ತುಳುವನೊಬ್ಬನ ಕೈ ಸೋಕಿದ್ದಕ್ಕೆ ಲೋಕಲ್ ಆಯಿತು — ಹಾಗೆಂದ ನಾವಿಬ್ಬರೂ ತುಳುವರೇ.

ಲಂಡನ್ನಿನಲ್ಲಿ ನಾನು ನೋಡಿದ್ದು ಬಣ್ಣದ ಹೊಳಪನ್ನು ಮಾತ್ರ. ಅಡಿಗೆ ನುಸುಳಿದರೆ ಕೋಟು ಕೊಳೆಯಾಗುತ್ತಿತ್ತಲ್ಲ! ಹಡಗಿನಲ್ಲಿ ಬಂದ ಕಾರನ್ನು ನಿಮ್ಮಲ್ಲಿಗೇ ತಂದೆ. ಮೇಲೆತ್ತಿ ಸ್ಕ್ರೂಡ್ರೈವರ್ ಒತ್ತಿದಿರಿ — ತೂರಿ ಒಳಗೇ ಹೋಯಿತು. ಆ ದೇಶದ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಳವನ್ನು ತಿಂದುಹಾಕಿದ್ದವು.

“ದಣಿಗಳಿಗೆ ಹೇಳ್ಬೇಡಿ ಸಂಜೀವಣ್ಣ, ಹೇಗಾದ್ರೂ ಸರಿ ಮಾಡಿ ಕೊಡಿ,” ಎಂದು ಗೋಗರೆದೆ. ನಾಚಿಕೆಯಾದರೂ ಆಗಬೇಡವೇ?

ನೀವು ನನ್ನ ಮುಖವನ್ನೇ ನೋಡಿದಿರಿ. “ನನ್ನ ಕಾರಿನ ಅಡಿ ಉಂಟಲ್ಲ, ತುಕ್ಕು ಹಿಡಿದದ್ದು,” ಎಂದಿರಿ. “ಇನ್ನು ಅದನ್ನು ಯಾರು ತಗೊಳ್ತಾರೆ? ಕಟ್ ಮಾಡಿ ಇದಕ್ಕೆ ಹಾಕುವ.”

ಕತ್ತರಿಸಿದ ತಗಡಿನ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ನಿಂತು ನೋಡಿದೆ. ದಣಿಗಳು ನಿಮ್ಮ ತಗಡಿನ ಮೇಲೆ ಕಾಲಿಟ್ಟುಕೊಂಡು “ಇಂಗ್ಲೆಂಡ್ ಮಾಲೇ ಬೇರೆ!” ಎನ್ನುತ್ತ ಅಲ್ ಹಿಲಾಲ್‌ನ ಬೀದಿಗಳನ್ನು ಸುತ್ತಿದರು. ಹೌದು ಸರ್ ಎಂದೆ. ಫೋರ್‌ಮನ್ ಕೆಲಸ ಬೇರೆಯವನಿಗಾಯಿತು. ಒಬ್ಬರೇ ಬಂದಿದ್ದ ನೀವು ಒಬ್ಬರೇ ಊರಿಗೆ ಹೋದಿರಿ.

ಕ್ಷಮೆ ಕೇಳುವ ಮುಖ ನನಗಿಲ್ಲ. ಅಪ್ಪ ನಮ್ಮನ್ನು ಯಾಕೆ ಕರೆಸಿಕೊಳ್ಳಲೇ ಇಲ್ಲ ಎಂದು ಮಗಳು ಇನ್ನೂ ನಿಮ್ಮ ಮೇಲೆ ಮುನಿದಿದ್ದರೆ — ಈ ಕಾಗದವನ್ನು ಅವಳ ಕೈಗೆ ಕೊಡಿ.