ಹಿಂದಿನ ಬಲಬದಿಯ ಸ್ಪೀಕರ್

2023ರಲ್ಲಿ ನಾನು ಮಸ್ಕತ್‌ನ ಖುರುಮ್‌ನಲ್ಲಿದ್ದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹಿರಿಯ ಇನ್‌ಸ್ಟಾಲೇಷನ್ ಟೆಕ್ನಿಷಿಯನ್ ಆಗಿದ್ದೆ. ಬಂಟ್ವಾಳದ ಕಡೆಯವನಾದ ನಾನು ಒಮಾನ್‌ಗೆ ಬಂದು ಆಗ ಹದಿನೆಂಟು ವರ್ಷ ತುಂಬಿತ್ತು. ಗಿರಾಕಿಗಳ ಮನೆಗೆ ಹೋಗಿ ಟಿವಿಯನ್ನು ಗೋಡೆಗೆ ಹಾಕುವುದು, ಹೋಮ್ ಥಿಯೇಟರ್ ಜೋಡಿಸುವುದು, ಮಕ್ಕಳ ಗೇಮ್ ಕನ್ಸೋಲನ್ನು ಅದಕ್ಕೆ ಸೇರಿಸಿಕೊಡುವುದು ನನ್ನ ಕೆಲಸ. ಇದರಲ್ಲಿ ತಪ್ಪಾದರೂ ಯಾರಿಗೂ ಏನೂ ಆಗುವುದಿಲ್ಲ, ಹೆಚ್ಚೆಂದರೆ ಶಬ್ದ ಬರುವುದಿಲ್ಲ ಎಂದು ನಾನೇ ಹೊಸದಾಗಿ ಸೇರಿದವರಿಗೆ ಧೈರ್ಯ ಹೇಳುತ್ತಿದ್ದೆ. ಆ ಮಾತನ್ನು ಈಗ ಹೇಳುವುದಿಲ್ಲ.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಅಲ್ ಖೌದ್‌ನ ಒಂದು ಫ್ಲಾಟ್‌ಗೆ ಹೋಗಬೇಕಾಗಿ ಬಂತು. ಮನೆಯ ಯಜಮಾನರು ಮೈಸೂರಿನ ನಾಗೇಂದ್ರ. ರುಸೈಲ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಹದಿಮೂರು ವರ್ಷದ ಮಗಳು ಮೇಘನಾಳ ಜೊತೆ ಕೂತು ಕಾರ್ ರೇಸ್ ಆಡುವುದು ಅವರಿಗಿದ್ದ ಒಂದೇ ಚಟವೆಂದು ಅವರ ಹೆಂಡತಿ ಸುಧಾ ನಗುತ್ತಾ ಹೇಳಿದರು. ಹೊಸ ಕನ್ಸೋಲ್ ತಂದು ತಾವೇ ಜೋಡಿಸಿದ್ದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ಆದರೆ ಹಿಂದಿನ ಎರಡು ಸ್ಪೀಕರ್‌ಗಳು ಬಾಯಿಯೇ ಬಿಡುತ್ತಿರಲಿಲ್ಲ.

ಇದು ನಮಗೆ ವಾರಕ್ಕೆ ನಾಲ್ಕು ಸಲ ಬರುವ ದೂರು. ಅವರ ಆಂಪ್ಲಿಫೈಯರ್ ಸ್ವಲ್ಪ ಹಳೆಯದು, ಹೊಸ ಕನ್ಸೋಲಿನ ಚಿತ್ರ ಅದರ ಮೂಲಕ ಪೂರ್ತಿ ಹಾಯುವುದಿಲ್ಲ. ಹಾಗಾಗಿ ಕನ್ಸೋಲನ್ನು ನೇರ ಟಿವಿಗೆ ಕೊಟ್ಟು, ಟಿವಿಯಿಂದ ಶಬ್ದವನ್ನು ಇನ್ನೊಂದು ಎಚ್‌ಡಿಎಂಐ ಕೇಬಲ್ಲಿನಲ್ಲಿ ಆಂಪ್ಲಿಫೈಯರ್‌ಗೆ ಹಿಂದಿರುಗಿಸಬೇಕು. ಅಷ್ಟನ್ನು ಅವರು ಸರಿಯಾಗಿಯೇ ಮಾಡಿದ್ದರು. ಆದರೆ ಟಿವಿಯ ಮೆನುವಿನಲ್ಲಿ ಶಬ್ದ ಸ್ಟೀರಿಯೋ ಎಂದಿತ್ತು, ಅಂದರೆ ಮುಂದಿನ ಎರಡಕ್ಕೆ ಮಾತ್ರ. ಅದನ್ನು ಬದಲಿಸಿದೆ. ಐದು ಸ್ಪೀಕರೂ ಒಂದು ಸಬ್‌ವೂಫರೂ ಜೀವಂತವಾದವು. ಹತ್ತು ನಿಮಿಷದ ಕೆಲಸ.

ಆಮೇಲೆ ಟೆಸ್ಟ್ ಟೋನ್ ಹಾಕಿದೆ. ಪ್ರತಿ ಸ್ಪೀಕರಿನಿಂದಲೂ ಸರದಿಯಂತೆ ಸುಸ್ ಎಂಬ ಶಬ್ದ ಬರುತ್ತದೆ. ಸೋಫಾದ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ಶಬ್ದ ಅಳೆಯುವ ಮೀಟರ್ ಇಟ್ಟು ಓದಬೇಕು. ಹಿಂದಿನ ಎಡದ್ದು 75 ಡೆಸಿಬಲ್, ಹಿಂದಿನ ಬಲದ್ದೂ 75. ನಾಗೇಂದ್ರ ಸೋಫಾದಲ್ಲಿ ಕೂತು ತಲೆ ಅಲ್ಲಾಡಿಸಿದರು.

"ನೋಡಿ ಸದಾಶಿವ ಅವ್ರೇ, ಬಲಗಡೆಯಿಂದ ಏನೂ ಬರ್ತಿಲ್ಲ. ಎಲ್ಲಾ ಎಡಗಡೆಯಿಂದ್ಲೇ ಬಂದ ಹಾಗಿದೆ, ಅದೂ ಮಂಕಾಗಿ. ಆ ಸ್ಪೀಕರ್ರು ಹೋಗಿದೆ."

"ಅಪ್ಪಾ, ಇಟ್ಸ್ ವರ್ಕಿಂಗ್. ಐ ಕ್ಯಾನ್ ಹಿಯರ್ ಇಟ್," ಎಂದಳು ಮೇಘನಾ.

"ನೀನ್ ಸುಮ್ನಿರಮ್ಮ. ಇಪ್ಪತ್ತು ವರ್ಷದಿಂದ ಮೆಷಿನ್ ಶಬ್ದ ಕೇಳ್ತಿದೀನಿ, ನನ್ನ ಕಿವಿಗೆ ಹೇಳ್ಕೊಡ್ತೀಯಾ?"

ಅದು ಜಂಬದ ಮಾತಾಗಿರಲಿಲ್ಲ. ಮೋಟರಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು, ಒಳಗಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಬಲ್ಲವರು ಅವರು. ಫೋನನ್ನೂ ಎಡಗಿವಿಗೇ ಹಿಡಿಯುತ್ತಿದ್ದರು. ಇದೆಲ್ಲ ನನಗೆ ಆಮೇಲೆ ಹೊಳೆದ ಸಂಗತಿ. ಚಹಾ ತಂದ ಸುಧಾ ಇನ್ನೂ ಒಂದು ಮಾತು ಹೇಳಿದರು: "ಭಾನುವಾರದಿಂದ ಇವ್ರಿಗೆ ನೆಗಡಿ, ಕಿವಿ ಕಟ್ಕೊಂಡಿದೆ ಅಂತಿದ್ರು. ಅದಕ್ಕೇ ಇವತ್ತು ರಜಾ." ಆ ಮಾತೂ ನನ್ನ ಕಿವಿಗೆ ಬಿತ್ತು. ಚಹಾ ಬಿಸಿಯಾಗಿತ್ತು ಎಂಬುದು ನೆನಪಿದೆ, ಆ ಮಾತಿಗೆ ನಾನು ಏನಂದೆ ಎಂಬುದು ನೆನಪಿಲ್ಲ. ಏನೂ ಅಂದಿರಲಿಕ್ಕಿಲ್ಲ.

ದೋಷ ಹುಡುಕಲು ನಮ್ಮಲ್ಲಿ ಒಂದು ಕ್ರಮವಿದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲುಬದಲು ಮಾಡುವುದು. ದೋಷ ಯಾವುದರ ಜೊತೆ ಹೋಗುತ್ತದೋ ಅದೇ ಕೆಟ್ಟಿರುವ ವಸ್ತು. ಕೇಬಲ್ ಇರಲಿ, ಸ್ಪೀಕರ್ ಇರಲಿ, ಸುಳ್ಳು ಹೇಳದ ಪರೀಕ್ಷೆ ಅದು. ಆದರೆ ಆ ಮನೆಯ ಕೇಬಲ್‌ಗಳು ಗೋಡೆಯ ಕೇಸಿಂಗಿನೊಳಗಿದ್ದವು, ಬಿಚ್ಚಿ ಸೇರಿಸಲು ಒಂದು ಗಂಟೆ ಬೇಕು. ಅಷ್ಟರಲ್ಲಿ ಅಂಗಡಿಯಿಂದ ಮ್ಯಾನೇಜರ್ ಹಮೀದ್ ಅವರ ಫೋನ್ ಬಂತು. ಉಪ್ಪಿನಂಗಡಿಯವರು, ಮನಸ್ಸು ಒಳ್ಳೆಯದು, ತಾಳ್ಮೆ ಕಡಿಮೆ.

"ಎಂಥ ಮಾರಾಯ, ಇನ್ನೂ ಖಲಾಸ್ ಆಗ್ಲಿಲ್ವಾ? ಸುವೈಕ್‌ನವರು ಪ್ರೊಜೆಕ್ಟರಿಗೆ ಕಾಯ್ತಾ ಇದ್ದಾರೆ. ಯಲ್ಲಾ, ಹೊರಡು."

ಸುವೈಕ್‌ಗೆ ಅಲ್ಲಿಂದ ಒಂದು ಗಂಟೆಗೂ ಮೇಲಿನ ದಾರಿ. ನನ್ನ ವೀಸಾ ನವೀಕರಣವಾಗಬೇಕಿದ್ದ ತಿಂಗಳು ಬೇರೆ, ಹೆಸರಿನ ಮುಂದೆ ಒಂದು ದೂರು ಬೀಳುವುದೂ ನನಗೆ ಬೇಡವಾಗಿತ್ತು. ಕೋಣೆಯನ್ನು ನೋಡಿದೆ. ಎಡಕ್ಕೆ ಬರಿಗೋಡೆ, ಬಲಕ್ಕೆ ಬಾಲ್ಕನಿಯ ಬಾಗಿಲು, ಅದಕ್ಕೆ ದಪ್ಪ ಪರದೆ. ಪರದೆ ಶಬ್ದವನ್ನು ಹೀರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೀಟರ್ ಅದನ್ನು ಒಪ್ಪಿರಲಿಲ್ಲ. ಆದರೂ ಮೆನುವಿಗೆ ಹೋಗಿ ಹಿಂದಿನ ಬಲಬದಿಯ ಸ್ಪೀಕರನ್ನು ನಾಲ್ಕು ಡೆಸಿಬಲ್ ಏರಿಸಿದೆ.

"ಹಾಂ, ಈಗ ಪರವಾಗಿಲ್ಲ," ಎಂದರು ನಾಗೇಂದ್ರ. ಜಾಬ್ ಶೀಟಿಗೆ ಸಹಿ ಹಾಕಿದರು. ಗಿರಾಕಿ ತೃಪ್ತರು ಎಂಬ ಚೌಕದಲ್ಲಿ ನಾನು ಗುರುತು ಹಾಕಿ ಹೊರಟೆ.

ಹನ್ನೆರಡನೆಯ ದಿನ ಮತ್ತೆ ಕರೆ ಬಂತು. ಅದೇ ಸ್ಪೀಕರ್, ಅದೇ ದೂರು. ಈ ಸಲ ಸಮಯವಿತ್ತು, ಅದಲುಬದಲು ಮಾಡಬಹುದಿತ್ತು. ಮಾಡಲಿಲ್ಲ. ಮೀಟರ್ ಪ್ರಕಾರ ಬಲದ್ದು ಎಡದ್ದಕ್ಕಿಂತ ಸರಿಯಾಗಿ ನಾಲ್ಕು ಹೆಚ್ಚಾಗಿಯೇ ಇತ್ತು. ಈ ಮನುಷ್ಯ ಕಿರಿಕಿರಿಯವನು, ಏನು ಮಾಡಿಕೊಟ್ಟರೂ ಸಮಾಧಾನವಾಗುವವನಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಎಂಟಕ್ಕೆ ಏರಿಸಿದೆ. ಮೇಘನಾ ಕಿವಿ ಮುಚ್ಚಿಕೊಂಡು, "ಅಂಕಲ್, ಇಟ್ಸ್ ಟೂ ಲೌಡ್," ಎಂದಳು. ಸಹಿ ಹಾಕುವವಳು ಅವಳಲ್ಲವಲ್ಲ. ನಾನು ಅವಳ ಕಡೆ ತಿರುಗಲೂ ಇಲ್ಲ.

ಮಾರ್ಚ್ ಕೊನೆಗೆ ಮೂರನೆಯ ಕರೆ ಬಂತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ನಾಗೇಂದ್ರ ಸಿಟ್ಟಿನಲ್ಲಿದ್ದರು. ಮೆನು ಹತ್ತರ ಮೇಲೆ ಏರುವುದಿಲ್ಲ, ಅದನ್ನು ತಾವೇ ಹತ್ತಕ್ಕೆ ಇಟ್ಟುಕೊಂಡಿದ್ದರು. "ಹತ್ತಕ್ಕಿಟ್ರೂ ಬಲಗಡೆ ಸತ್ತೇಹೋಗಿದೆ ಕಣ್ರೀ. ಸ್ಪೀಕರ್ ಬದಲಾಯಿಸ್ಕೊಡಿ, ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀನಿ." ಕಂಪ್ಲೇಂಟ್ ಎಂಬ ಮಾತು ಬಂದ ಮೇಲೆ ನನ್ನ ಕೈಗೆ ಚುರುಕು ಬಂತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎರಡೂ ಸ್ಪೀಕರ್‌ಗಳನ್ನು ಸೊನ್ನೆಗೆ ಇಳಿಸಿ ಕೇಸಿಂಗ್ ಬಿಚ್ಚಿದೆ.

ಮೊದಲು ಕೇಬಲ್‌ಗಳನ್ನು ಅದಲುಬದಲು ಮಾಡಿದೆ. ದೋಷ ಬಲಗಡೆಯೇ ಉಳಿಯಿತು. ಆಮೇಲೆ ಸ್ಪೀಕರ್‌ಗಳನ್ನೇ ಕಳಚಿ ಆ ಕಡೆಯದನ್ನು ಈ ಕಡೆಗೆ ಹಾಕಿದೆ. ಆಗಲೂ ಬಲಗಡೆ. ಪರದೆಯನ್ನು ಪೂರ್ತಿ ಸರಿಸಿದೆ. ಆಗಲೂ ಬಲಗಡೆ. ಮೀಟರ್ ಎರಡೂ ಕಡೆ 75 ತೋರಿಸುತ್ತಿತ್ತು. ಇನ್ನು ಅದಲುಬದಲು ಮಾಡಲು ಆ ಕೋಣೆಯಲ್ಲಿ ಉಳಿದದ್ದು ಒಂದೇ.

"ಸರ್, ಒಂದು ಸಲ ಟಿವಿಗೆ ಬೆನ್ನು ಹಾಕಿ ಕೂತ್ಕೊಳ್ತೀರಾ?" ಎಂದೆ.

"ಬೆನ್ನು ಹಾಕಿ ಯಾರ್ರೀ ಗೇಮ್ ಆಡ್ತಾರೆ?" ಎಂದು ಗೊಣಗುತ್ತಲೇ ಅವರು ಸೋಫಾದ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದರು. ಕೋಣೆಯ ಬಲಗಡೆಯ ಸ್ಪೀಕರಿಗೇ ಟೆಸ್ಟ್ ಟೋನ್ ಕೊಟ್ಟೆ. ಈಗ ಅದು ಅವರ ಎಡಗಿವಿಯ ಕಡೆಗಿತ್ತು.

ಅವರ ಮುಖ ಅರಳಿತು. "ಆಹಾ, ಬಂತಲ್ಲ! ಏನ್ ಮಾಡಿದ್ರಿ?"

ಟೋನ್ ಇನ್ನೊಂದು ಸ್ಪೀಕರಿಗೆ ಹೋಯಿತು, ಅಷ್ಟು ದಿನ ಅವರು ಒಂದೇ ಒಂದು ಕುಂದು ಹೇಳದಿದ್ದ ಕಡೆಗೆ. "ಅಯ್ಯೋ, ಈಗ ಆ ಕಡೇದು ಹೋಯ್ತಲ್ರೀ," ಎಂದರು. ಅವರಿಗಿಂತ ಮೊದಲು ಮೇಘನಾಳಿಗೆ ಅರ್ಥವಾಗಿತ್ತು. ಅವಳು ಎದ್ದು ಬಂದು ಅಪ್ಪನ ಬಲಗಿವಿಯ ಹತ್ತಿರ ಬೆರಳಿನಿಂದ ಚಿಟಿಕೆ ಹೊಡೆದಳು. ಅವರು ಅಲುಗಾಡಲಿಲ್ಲ. ಇನ್ನೊಮ್ಮೆ ಹೊಡೆದಳು. ಆಮೇಲೆ, "ಅಮ್ಮಾ," ಎಂದು ಒಳಗೆ ಕೂಗಿದಳು.

"ನಾಳೆ ಬೆಳಿಗ್ಗೆಯೇ ಕಿವಿ ಡಾಕ್ಟರ ಹತ್ತಿರ ಹೋಗಿ ಸರ್," ಎಂದೆ. ಸ್ಪೀಕರ್‌ಗಳನ್ನು ಮೊದಲಿದ್ದ ಜಾಗಕ್ಕೇ ಹಾಕಿ ಕೇಸಿಂಗ್ ಮುಚ್ಚಿದೆ.

ಒಂದು ವಾರದ ನಂತರ ಸುಧಾ ಫೋನಿನಲ್ಲಿ ತಿಳಿಸಿದರು. ಬಲಗಿವಿಯ ಒಳಭಾಗ ಹಠಾತ್ತನೆ ಕೆಟ್ಟು ಶ್ರವಣಶಕ್ತಿ ಕುಂದಿತ್ತು, ಆಮೇಲೆ ಪೂರ್ತಿ ಹೋಗಿತ್ತು. ಹಲವರು ನೆಗಡಿಯಿಂದ ಕಿವಿ ಕಟ್ಟಿಕೊಂಡಿದೆ ಎಂದುಕೊಂಡೇ ದಿನ ಕಳೆಯುತ್ತಾರಂತೆ. ಮೊದಲ ಎರಡು ವಾರದೊಳಗೆ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು, ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ, ಈಗ ತಡವಾಯಿತು ಎಂದು ಡಾಕ್ಟರ್ ಹೇಳಿದರಂತೆ. ಸುಧಾ ನನ್ನ ಉಪಕಾರ ಸ್ಮರಿಸಿದರು. "ನೀವ್ ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ನಾನು ಫೋನ್ ಹಿಡಿದುಕೊಂಡು ಲೆಕ್ಕ ಹಾಕಿದೆ. ಕಿವಿ ಕಟ್ಟಿಕೊಂಡ ಭಾನುವಾರದಿಂದ ಗುರುವಾರಕ್ಕೆ ನಾಲ್ಕು ದಿನ. ಮೊದಲ ಸಲ ನಾನು ಹೋದಾಗ ಆ ಎರಡು ವಾರದಲ್ಲಿ ಹತ್ತು ದಿನಗಳು ಬಾಕಿ ಇದ್ದವು.

ಜೂನಿನಲ್ಲಿ ಮೇಘನಾ ಅಂಗಡಿಗೆ ಫೋನ್ ಮಾಡಿ ನನ್ನನ್ನು ಕೇಳಿದಳು. ಅಪ್ಪನಿಗೆ ಕಾರುಗಳು ಯಾವ ಕಡೆಯಿಂದ ಬರುತ್ತಿವೆ ಎಂದು ಗೊತ್ತಾಗುವುದಿಲ್ಲ, ತನಗೆ ಗೊತ್ತಾಗುತ್ತದೆ, ಹಾಗಾಗಿ ಯಾವಾಗಲೂ ತಾನೇ ಗೆಲ್ಲುತ್ತೇನೆ, ಅದು ಫೇರ್ ಅಲ್ಲ ಎಂದಳು. ಹೋದೆ. ಕನ್ಸೋಲಿನ ಸೆಟ್ಟಿಂಗಿನಲ್ಲಿ ಮೋನೋ ಎಂದಿದೆ, ಎಲ್ಲ ದಿಕ್ಕಿನ ಶಬ್ದವನ್ನೂ ಒಟ್ಟುಮಾಡಿ ಕೊಡುತ್ತದೆ. ಅದನ್ನು ಹಾಕಿ, ಹಿಂದಿನ ಎರಡೂ ಸ್ಪೀಕರ್‌ಗಳನ್ನು ಬಿಚ್ಚಿ ಕೆಳಗಿಟ್ಟೆ. ಇನ್ನು ಇಬ್ಬರಿಗೂ ದಿಕ್ಕು ತಿಳಿಯುವುದಿಲ್ಲ.

ನಾಗೇಂದ್ರ ಸೋಫಾದ ಬಲತುದಿಗೆ ಸರಿದು ಕೂತಿದ್ದರು, ಮಗಳು ಎಡಕ್ಕೆ ಬರುವ ಹಾಗೆ. ಕಾರ್ಖಾನೆಯಲ್ಲಿ ಅವರನ್ನು ಶಾಪ್‌ಫ್ಲೋರಿನಿಂದ ಸ್ಟೋರ್ಸ್‌ಗೆ ಹಾಕಿದ್ದರು. ಸಾಲಾಗಿ ನಿಂತ ಎಂಟು ಮೋಟರುಗಳಲ್ಲಿ ಯಾವುದು ನರಳುತ್ತಿದೆ ಎಂದು ದೂರದಿಂದಲೇ ಹೇಳಲು ಎರಡು ಕಿವಿ ಬೇಕು, ಹಿಂದಿನಿಂದ ಫೋರ್ಕ್‌ಲಿಫ್ಟ್ ಬಂದರೆ ದಿಕ್ಕು ತಿಳಿಯಲೂ ಎರಡು ಬೇಕು. ಅದನ್ನು ಅವರು ಬೇರೆ ಯಾರದೋ ವಿಷಯದಂತೆ ಹೇಳಿದರು. ಕೇಳುತ್ತಾ ಕೂತಿರಲು ನನ್ನಿಂದಾಗಲಿಲ್ಲ.

"ಸರ್, ಮೊದಲನೇ ದಿನವೇ ಆ ಸ್ಪೀಕರ್ ಸರಿ ಇತ್ತು. ಮೀಟರಲ್ಲಿ ನೋಡಿದ್ದೆ. ನಿಮಗೆ ಸಮಾಧಾನ ಆಗ್ಲಿ ಅಂತ ನಾಲ್ಕು ಏರಿಸಿದ್ದು. ಆಮೇಲೆ ಎಂಟು."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ನಿಂತದ್ದು ಅವರ ಬಲಬದಿಗೆ, ಅಷ್ಟೂ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಬಂದು ಎಡಬದಿಗೆ ಹೋಗಿ ಇನ್ನೊಮ್ಮೆ ಹೇಳಿದೆ. ಅಂಥ ಮಾತನ್ನು ಎರಡು ಸಲ ಹೇಳಬೇಕಾಗಿ ಬಂದದ್ದೇ ನನಗೆ ತಕ್ಕ ಶಿಕ್ಷೆ ಅನ್ನಿಸಿತು.

"ಗೊತ್ತಿತ್ತಾ ನಿಮ್ಗೆ?"

"ಸ್ಪೀಕರ್ ಸರಿ ಇದೆ ಅಂತ ಗೊತ್ತಿತ್ತು ಸರ್."

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಹೇಳ್ಬೇಕಿತ್ತು," ಎಂದರು ಕೊನೆಗೆ. "ನಾನ್ ಕೂಗಾಡಿರ್ತಿದ್ದೆ. ಆದ್ರೂ ಹೇಳ್ಬೇಕಿತ್ತು." ಆಮೇಲೆ ಕಂಟ್ರೋಲರ್ ಎತ್ತಿಕೊಂಡು ಮಗಳಿಗೆ ಆಟ ಶುರುಮಾಡಲು ಹೇಳಿದರು.

ಈಗ ನಾನು ಅದೇ ಅಂಗಡಿಯಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ಅದಲುಬದಲು ಮಾಡಿ ನೋಡದೆ ಯಾರೂ ಸ್ಪೀಕರಿನ ಶಬ್ದದ ಲೆವೆಲ್ ಮುಟ್ಟುವ ಹಾಗಿಲ್ಲ. ಮೀಟರ್ ತೋರಿಸಿದ್ದನ್ನು ಗಿರಾಕಿಯ ಎದುರು ಗಟ್ಟಿಯಾಗಿ ಓದಬೇಕು, ಅವರು ಸಿಟ್ಟಾದರೂ ಸರಿ, ನಾನು ಬಂದು ಬೈಗುಳ ತಿನ್ನುತ್ತೇನೆ. ಮನೆಯ ಮಕ್ಕಳು ಏನಾದರೂ ಹೇಳಿದರೆ ಕೆಲಸ ನಿಲ್ಲಿಸಿ ಕೇಳಬೇಕು. ಯಾಕೆಂದು ಕೇಳಿದವರಿಗೆ ಆ ಫೈಲ್ ತೆಗೆದು ತೋರಿಸುತ್ತೇನೆ. ಫೆಬ್ರವರಿಯ ಜಾಬ್ ಶೀಟ್ ಅದರಲ್ಲಿ ಹಾಗೆಯೇ ಇದೆ, ನನ್ನದೇ ಅಕ್ಷರದಲ್ಲಿ. ಹಿಂದಿನ ಎಡ 75, ಹಿಂದಿನ ಬಲ 75. ಕೆಳಗೆ: ಬಲ ನಾಲ್ಕು ಏರಿಸಿದೆ, ದೋಷ ಸರಿಪಡಿಸಲಾಗಿದೆ, ಗಿರಾಕಿ ತೃಪ್ತರು.